ಹಿತ್ತಿಲ ಬಾಗಿಲಿನ ಇಂಗ್ಲೆಂಡ್

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಸಾಕು, ಜನ ಕೇಳುವುದು ಒಂದೇ: ಅರಮನೆ ನೋಡಿದಿರಾ, ಆ ದೊಡ್ಡ ಗಡಿಯಾರ ನೋಡಿದಿರಾ? ಎರಡನ್ನೂ ನೋಡಲಿಲ್ಲ. ಹತ್ತು ವಾರ ಅಲ್ಲಿದ್ದು ನಾನು ಕಣ್ತುಂಬ ನೋಡಿದ್ದೆಂದರೆ ನನ್ನ ತಂಗಿಯ ಅಡುಗೆಕೋಣೆ, ಅವಳ ಮನೆಯ ಹಿಂದಿನ ಓಣಿ ಮತ್ತು ಒಂದು ಇಗರ್ಜಿಯ ಪಕ್ಕದ ಹಳೆಯ ಸಭಾಂಗಣ. "ಅಡುಗೆಕೋಣೆ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ್ತಿ?" ಎಂದು ಕಡಿಯಾಳಿಯ ನನ್ನ ಗೆಳತಿ ನಕ್ಕಳು. ನಗಲಿ. ಆ ಸಭಾಂಗಣದ ಗೋಡೆಯ ಮೇಲೆ ಇವತ್ತು ನಮ್ಮ ಹೆಜಮಾಡಿಯ ಹೆಸರಿದೆ. ಅರಮನೆ ನೋಡಿ ಬಂದವರಲ್ಲಿ ಯಾರು ಅಂಥದ್ದೊಂದು ಮಾಡಿ ಬಂದಿದ್ದಾರೆ, ಹೇಳಿ ನೋಡೋಣ.

ತಂಗಿಯ ಮನೆ

ನಾನು ವಾರಿಜ. ಹುಟ್ಟಿದ್ದು ಹೆಜಮಾಡಿಯಲ್ಲಿ, ಮೀನು ಮಾರುವ ತಾಯಿಗೆ ದೊಡ್ಡ ಮಗಳಾಗಿ. ಮಣಿಪಾಲದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮೂವತ್ತು ವರ್ಷ ರೋಗಿಗಳ ಫೈಲು ಜೋಡಿಸಿ, ನಿವೃತ್ತಳಾಗಿ, ಈಗ ಅಲೆವೂರಿನಲ್ಲಿದ್ದೇನೆ. ನನ್ನ ಕೈಯಿಂದ ಒಂದೇ ಒಂದು ಫೈಲು ಕಳೆದುಹೋಗಿಲ್ಲ. ಈ ಜಂಬ ನನಗಿದೆ, ಇರಲಿ ಬಿಡಿ.

ತಂಗಿ ಜಲಜ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಗಂಡ ಸದಾಶಿವ ನನಗಿಂತ ಹಿರಿಯರು, ನಾನು ಭಾವ ಎಂದೇ ಕರೆಯುವುದು. ಕಾಪುವಿನವರು. ಹಡಗಿನಲ್ಲಿ ಅಡುಗೆಯವರಾಗಿ ಊರೂರು ಸುತ್ತಿ, ಕೊನೆಗೆ ಇಂಗ್ಲೆಂಡಿನ ಒಂದು ಬಂದರಿನ ಊರಿನಲ್ಲಿ ಇಳಿದು, ಹೋಟೆಲೊಂದರ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತವರು. ಮಕ್ಕಳಿಲ್ಲ. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಯಿತು, ಮಾತು ತೊದಲಿತು. ಅಂದಿನಿಂದ ಅವರನ್ನು ಎಬ್ಬಿಸುವುದು, ಕೂರಿಸುವುದು, ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಜಲಜಳೊಬ್ಬಳೇ.

ಊರಿನ ಹೆಸರನ್ನು ನಾನು ಬರೆಯುವುದಿಲ್ಲ. "ಹೆಸರು ಹಾಕಿದ್ರೆ ನಿನ್ನ ಹತ್ರ ಮಾತು ಬಿಡ್ತೇನೆ" ಎಂದು ಜಲಜ ಮೊದಲೇ ಹೆದರಿಸಿದ್ದಾಳೆ. ಹಾಗೆಯೇ ಇನ್ನೊಂದು ಮಾತು. ಮನೆಯೊಳಗೆ ನಾವು ಆಡಿದ್ದು ತುಳು, ಹೊರಗೆ ಆಡಿದ್ದು ಇಂಗ್ಲಿಷ್. ಎರಡನ್ನೂ ನಾನು ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ.

ನಾನು ಹೋದದ್ದು ಪ್ರವಾಸಕ್ಕಲ್ಲ. ಜಲಜಳ ಗರ್ಭಕೋಶದಲ್ಲಿ ಗಡ್ಡೆಗಳಾಗಿದ್ದವು. ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು, ಇವಳು ಎರಡು ಸಲ ತಾನಾಗಿಯೇ ಬೇಡವೆಂದು ಮುಂದೂಡಿದ್ದಳು. ಆಪರೇಷನ್ ಆದ ಮೇಲೆ ಆರು ವಾರ ಭಾರ ಎತ್ತುವಂತಿಲ್ಲ, ಭಾವನೋ ಒಳ್ಳೆಯ ತೂಕದ ಆಳು. "ಅವರನ್ನು ಯಾರು ಎತ್ತುವುದು?" ಎಂಬುದು ಅವಳ ಪ್ರಶ್ನೆ. "ನಾನು" ಎಂದು ಹೇಳಿ ಟಿಕೆಟು ಮಾಡಿಸಿದೆ.

ಹೋಗಿ ಮೂರನೇ ದಿನಕ್ಕೆ ಆಸ್ಪತ್ರೆಯಿಂದ ಕಾಗದ ಬಂತು. ಈ ಸಲ ಅವರೇ ದಿನಾಂಕ ಮುಂದೆ ಹಾಕಿದ್ದರು, ನನ್ನ ವಾಪಸ್ ಟಿಕೆಟ್ಟಿನ ಒಂದು ವಾರದ ನಂತರಕ್ಕೆ. ನಾನು ಉಳಿಯುವಂತಿರಲಿಲ್ಲ. ಆ ಹೊತ್ತಿಗೆ ಕಾರ್ಕಳದಲ್ಲಿ ನನ್ನ ಮಗಳಿಗೆ ದಿನ ತುಂಬುತ್ತಿತ್ತು, ಮೊದಲ ಹೆರಿಗೆ, ಬಾಣಂತನಕ್ಕೆ ನಾನಿಲ್ಲದೆ ಆಗುವುದಿಲ್ಲ.

ಜಲಜ ಕಾಗದ ಮಡಚಿ ಸಕ್ಕರೆ ಡಬ್ಬದ ಕೆಳಗಿಟ್ಟಳು. "ಇನ್ನೊಮ್ಮೆ ಮುಂದೆ ಹಾಕ್ಲಿಕ್ಕೆ ಹೇಳ್ತೇನೆ. ಎಂತ ಅವಸರ ಉಂಟು?"

ಅವಸರ ಇತ್ತು. ಅವಳ ಮುಖ ಸುಣ್ಣ ಬಳಿದ ಗೋಡೆಯಷ್ಟು ಬಿಳಿಚಿತ್ತು. ಮಹಡಿ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮೂವತ್ತು ವರ್ಷ ಫೈಲು ನೋಡಿದವಳಿಗೆ ರಕ್ತ ಇಳಿದ ಮೈ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ವಿಮಾನ ಹತ್ತುವುದರೊಳಗೆ ಭಾವನನ್ನು ಎತ್ತುವ ಕೈಗಳನ್ನು ಹುಡುಕಲೇಬೇಕು, ಇಲ್ಲದಿದ್ದರೆ ಇವಳು ಮೂರನೇ ಸಲವೂ ತಪ್ಪಿಸುತ್ತಾಳೆ ಎಂದು ಅಂದೇ ಮನಸ್ಸಿಗೆ ಬಂತು.

ಅಂಗಳ ಎಂದುಕೊಂಡ ಫುಟ್‌ಪಾತು

ಆ ಬೀದಿಯ ಮನೆಗಳಿಗೆ ಅಂಗಳವಿಲ್ಲ. ಬಾಗಿಲು ತೆರೆದರೆ ಫುಟ್‌ಪಾತು. ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸದೆ ನನಗೆ ಬೆಳಗಾಗುವುದಿಲ್ಲ. ಅಲೆವೂರಿನಲ್ಲಿ ಈ ಕೆಲಸಕ್ಕೆ ರೇಣವ್ವ ಬರುತ್ತಾಳೆ. ಬಾಗಲಕೋಟೆ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ನಮ್ಮ ಮನೆಯ ಹಿಂದಿನ ಲೈನ್ ರೂಮಿನಲ್ಲಿ ಬಾಡಿಗೆಗಿದ್ದಾರೆ. ಇಲ್ಲಿ ರೇಣವ್ವ ಎಲ್ಲಿಂದ ಬರಬೇಕು? ನಾನೇ ಎದ್ದು, ಜಲಜಳ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು, ಗುಡಿಸಿ, ಒಂದು ಬಕೆಟ್ ನೀರು ಧಾರಾಳವಾಗಿ ಚಿಮುಕಿಸಿ ಒಳಗೆ ಬಂದೆ. ಬೀದಿಯಲ್ಲೇ ಚೆಂದ ಕಂಡದ್ದು ನಮ್ಮ ಬಾಗಿಲು ಎಂದು ಹೆಮ್ಮೆಯೂ ಆಯಿತು.

ಅರ್ಧ ಗಂಟೆಯಲ್ಲಿ ಧೊಪ್ಪೆಂದು ಶಬ್ದ. ಹೊರಗೆ ನೋಡಿದರೆ ಟಪಾಲಿನವನು ಕಾಗದಗಳ ನಡುವೆ ಅಂಗಾತ ಬಿದ್ದಿದ್ದಾನೆ. ನಾನು ಚಿಮುಕಿಸಿದ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು.

ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ನಾನು ಹತ್ತು ಸಲ ಸಾರಿ ಹೇಳುತ್ತಿದ್ದಾಗ ಮೂರು ಮನೆ ಆಚೆಯಿಂದ ಎತ್ತರದ, ಕಪ್ಪು ಮೈಬಣ್ಣದ, ಉಣ್ಣೆ ಟೊಪ್ಪಿಯ ಮುದುಕರೊಬ್ಬರು ಒಂದು ಚೀಲ ಹಿಡಿದು ಬಂದರು. ಬಂದವರೇ ಚೀಲಕ್ಕೆ ಕೈಹಾಕಿ ನಮ್ಮ ಬಾಗಿಲ ಮುಂದೆಲ್ಲ ಉಪ್ಪು ಎರಚತೊಡಗಿದರು. ಯಾರ ದೃಷ್ಟಿ ತೆಗೆಯುತ್ತಿದ್ದಾರಪ್ಪ ಎಂದು ನಾನು ಕೈಮುಗಿದು ನಿಂತುಬಿಟ್ಟೆ. ಉಪ್ಪು ಹಾಕಿದರೆ ಮಂಜುಗಡ್ಡೆ ಕರಗುತ್ತದೆ ಎಂದು ಗೊತ್ತಾದದ್ದು ಆಮೇಲೆ.

ಅವರ ಹೆಸರು ಡೆಸ್ಮಂಡ್. ಹುಟ್ಟಿದ್ದು ಜಮೈಕಾದಲ್ಲಿ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನೊಂದಿಗೆ ಇಲ್ಲಿಗೆ ಬಂದವರು, ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಗ್ಲೋರಿಯಾಗೆ ಮರೆವಿನ ಕಾಯಿಲೆ. ಗಂಡನನ್ನೇ "ನೀವು ಯಾರು?" ಎಂದು ಕೇಳುವಷ್ಟು ಮರೆವು.

"ನಿಮ್ಮ ತಂಗಿಯನ್ನು ನಾನು ಮೂರು ವರ್ಷದಿಂದ ನೋಡ್ತಾ ಇದ್ದೇನೆ," ಎಂದರು ಡೆಸ್ಮಂಡ್. "ಹೊರಗೆ ಬರುವುದು ಔಷಧಿ ಅಂಗಡಿಗೆ ಮಾತ್ರ. ಬುಧವಾರ ನಮ್ಮ ಸಭಾಂಗಣಕ್ಕೆ ಕರ್ಕೊಂಡು ಬನ್ನಿ. ಅಲ್ಲಿ ಎಲ್ಲ ನಮ್ಮಂಥವರೇ ಇರುವುದು."

ಬುಧವಾರದ ಸಭಾಂಗಣ

ಜಲಜಳನ್ನು ಹೊರಡಿಸಲು ಎರಡು ಬುಧವಾರ ಹಿಡಿಯಿತು. ಆ ದೇಶದಲ್ಲಿ, ಮನೆಯ ಕಾಯಿಲೆಯವರನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರಿಗೆ ಕೇರರ್ ಎಂದು ಹೆಸರು. ಅವರಿಗೆ ಅಂತಲೇ ಸಹಾಯವಿದೆ, ಅರ್ಜಿಯಿದೆ, ವಿಚಾರಿಸಲು ಮನೆಗೆ ಬರುವ ಅಧಿಕಾರಿಗಳಿದ್ದಾರೆ. ಡಾಕ್ಟರ ಕೋಣೆಯಲ್ಲಿ ಕೊಟ್ಟ ಫಾರಂನಲ್ಲಿ "ನೀವು ಕೇರರ್ ಹೌದೇ?" ಎಂಬ ಪ್ರಶ್ನೆಗೆ ನನ್ನ ತಂಗಿ ಮೂರು ವರ್ಷವೂ "ಅಲ್ಲ" ಎಂದೇ ಗುರುತು ಹಾಕಿದ್ದಳು.

"ಅಲ್ವಾ ಮತ್ತೆ? ನಾನು ಹೆಂಡ್ತಿ. ಗಂಡನಿಗೆ ಊಟ ಕೊಡುವುದಕ್ಕೆ ಯಾರಾದ್ರೂ ಹೆಸರು ಇಡ್ತಾರಾ?"

ಅವಳನ್ನು ಒಪ್ಪಿಸಿದ್ದು ನಾನಲ್ಲ, ಭಾವ. ಎರಡನೇ ಬುಧವಾರ ಎಡಗೈಯಲ್ಲಿ ಬಾಗಿಲು ತೋರಿಸಿ, "ಹೋಗು. ನಾನು ಎಲ್ಲಿ ಓಡಿ ಹೋಗ್ಲಿಕ್ಕುಂಟು?" ಎಂದರು. ಅವರ ತೊದಲು ಮಾತಿನಲ್ಲೂ ತಮಾಷೆ ಹಾಗೆಯೇ ಉಳಿದಿತ್ತು. ಗ್ಲೋರಿಯಾರನ್ನು ಆ ದಿನ, ಮರೆವಿನವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಕ್ಕೆ ಬಿಟ್ಟಿದ್ದ ಡೆಸ್ಮಂಡ್, ಭಾವನ ಜೊತೆ ತಾನು ಕೂರುತ್ತೇನೆಂದು ಬಂದರು.

ಸಭಾಂಗಣದಲ್ಲಿ ಹದಿನೈದು ಇಪ್ಪತ್ತು ಜನ. ಪಂಜಾಬಿನವರು, ಬಾಂಗ್ಲಾದವರು, ಸೊಮಾಲಿಯಾದವರು, ಕೆರಿಬಿಯನ್ ದ್ವೀಪಗಳವರು. ಒಬ್ಬೊಬ್ಬರ ಮನೆಯಲ್ಲೂ ಒಂದು ಹಾಸಿಗೆ, ಒಂದು ಗಾಲಿಕುರ್ಚಿ. ಇದನ್ನು ನಡೆಸುವವಳು ನಸ್ರೀನ್, ಬಾಂಗ್ಲಾ ಮೂಲದ ಮೂವತ್ತೈದರ ಹೆಣ್ಣು. ಚಹಾ ಮಾಡಿಕೊಡುತ್ತಲೇ ಅರ್ಜಿ ತುಂಬುತ್ತಾಳೆ, ಅರ್ಜಿ ತುಂಬುತ್ತಲೇ ಯಾರದೋ ಮಗುವಿನ ಮೂಗು ಒರೆಸುತ್ತಾಳೆ. ಇಂಥವಳೊಬ್ಬಳು ನಮ್ಮ ದಾಖಲೆ ವಿಭಾಗದಲ್ಲಿದ್ದಿದ್ದರೆ ಎಂದು ನನಗೆ ಆಸೆಯಾಯಿತು.

ಜಲಜ ಮೂಲೆಯಲ್ಲಿ ಕುಳಿತವಳು ಮೊದಲ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಪಕ್ಕದ ಪಂಜಾಬಿ ಹೆಂಗಸು ಅತ್ತೆಯ ಬೆನ್ನು ಹುಣ್ಣಿಗೆ ಯಾವ ಎಣ್ಣೆ ಹಚ್ಚುವುದೆಂದು ಕೇಳಿದಳು ನೋಡಿ, ಇವಳು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಹೇಗೆ ಹೊರಳಿಸಬೇಕು, ಹಾಸಿಗೆಯ ಮಡಿಕೆ ಹೇಗೆ ಬಿಡಿಸಬೇಕು, ನುಂಗಲಾಗದವರಿಗೆ ಗಂಜಿಯನ್ನು ಎಷ್ಟು ತೆಳ್ಳಗೆ ಮಾಡಬೇಕು. ಮೂರು ವರ್ಷದಲ್ಲಿ ಭಾವನ ಮೈಮೇಲೆ ಒಂದೂ ಹುಣ್ಣು ಆಗಿಲ್ಲ ಎಂದು ಕೇಳಿ ನಸ್ರೀನಳೇ ಚಹಾದ ಪಾತ್ರೆ ಕೆಳಗಿಟ್ಟು ಬಂದು ಕುಳಿತಳು. ಅಕ್ಕನಾದ ನನಗೆ ಎದೆ ಉಬ್ಬಿ ಬಂತು. ಮಣಿಪಾಲದಲ್ಲಿ ಎಷ್ಟು ನರ್ಸುಗಳನ್ನು ನೋಡಿದ್ದೇನೆ ನಾನು, ನನ್ನ ತಂಗಿಯ ಕೈಗುಣ ಎಲ್ಲರಿಗೂ ಇರಲಿಲ್ಲ.

ಅಂದೇ ನಸ್ರೀನ್ ಅರ್ಜಿ ಬರೆದಳು. ಆಪರೇಷನ್ನಿನ ದಿನಾಂಕ, ನನ್ನ ಟಿಕೆಟ್ಟಿನ ದಿನಾಂಕ, ಎರಡನ್ನೂ ಹಾಕಿದಳು. "ಕಚೇರಿಯಿಂದ ಹೆಲೆನ್ ಬರ್ತಾರೆ," ಎಂದಳು. "ಮನೆ ನೋಡ್ತಾರೆ, ಪ್ರಶ್ನೆ ಕೇಳ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಯ್ತಾ?"

"ಅದಕ್ಕೆಂತ, ಹೇಳ್ತೇವೆ," ಎಂದೆವು ನಾವು.

ಹೆಲೆನ್ ಬಂದ ದಿನ

ಮನೆಗೆ ಒಬ್ಬರು ಅಧಿಕಾರಿ ಬರುತ್ತಾರೆಂದರೆ ನಮ್ಮವರು ಸುಮ್ಮನೆ ಕೂರುತ್ತಾರೆಯೇ? ಹಿಂದಿನ ದಿನವೇ ನಾನೂ ಜಲಜಳೂ ಸೆರಗು ಕಟ್ಟಿ ಇಳಿದೆವು. ನೆಲ ಒರೆಸಿದೆವು. ಪರದೆ ಒಗೆದೆವು. ಭಾವನ ಮಗ್ಗುಲು ಬದಲಿಸುವ ಹೊತ್ತು ಬರೆದು ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಕಿತ್ತು ಕಪಾಟಿನಲ್ಲಿಟ್ಟೆವು. ರಬ್ಬರ್ ಹಾಳೆ, ಔಷಧಿ ಡಬ್ಬ, ಬೇಸಿನ್ನು ಎಲ್ಲ ಮಹಡಿಗೆ ಹೋಯಿತು. ಮಲವಿಸರ್ಜನೆಯ ಕುರ್ಚಿಯ ಮೇಲೆ ಜಲಜಳ ಮದುವೆಯ ಧಾರೆ ಸೀರೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟೆವು. ಭಾವನ ಗಡ್ಡ ಬೋಳಿಸಿ, ತಲೆಗೆ ತೆಂಗಿನೆಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ನಾಲ್ಕು ದಿಂಬಿನ ಆಧಾರ ಕೊಟ್ಟು ಕೂರಿಸಿದೆವು. ಯಜಮಾನಿಕೆಯ ಕಳೆ ಬಂದಿತ್ತು ಅವರಿಗೆ.

ಹೆಲೆನ್ ಮುಂಬಾಗಿಲಿನಿಂದ ಬಂದರು. ನಾವು ಗುಂಡಗೆ ಗೋಳಿಬಜೆ ಕರಿದಿದ್ದೆವು. ನಾಲ್ಕು ತಿಂದರು, ಐದನೆಯದಕ್ಕೂ ಕೈ ಹಾಕಿದರು. ಒಳ್ಳೆಯ ಹೆಂಗಸು, ಕೇಳಬೇಕಾದ್ದನ್ನೆಲ್ಲ ಕೇಳಿದರು.

"ರಾತ್ರಿ ಕಷ್ಟ ಆಗ್ತದಾ?"

"ಇಲ್ಲ ಇಲ್ಲ," ಎಂದಳು ಜಲಜ.

"ನಿಮಗೆ ವಿರಾಮ ಸಿಗ್ತದಾ?"

"ಅಕ್ಕ ಇದ್ದಾಳಲ್ಲ."

"ನಿಮಗೆ ಎದ್ದು ನಿಲ್ಲಲು ಆಗ್ತದಾ?" ಎಂದು ಭಾವನನ್ನು ಕೇಳಿದರು.

ಭಾವ ಎಡಗೈಯಲ್ಲಿ ಕುರ್ಚಿಯ ಹಿಡಿ ಒತ್ತಿ ಒಂದು ಗೇಣು ಮೇಲೆದ್ದೇ ಬಿಟ್ಟರು. "ಪರವಾಗಿಲ್ಲ. ಸ್ವಲ್ಪ ದಿನದಲ್ಲಿ ನಡೀತೇನೆ."

ಇನ್ನು ನನ್ನ ಸರದಿ. ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ಕಚೇರಿಯ ಇಂಗ್ಲಿಷಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ನಮ್ಮ ಕುಟುಂಬದಲ್ಲಿ ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ. ಅದು ನಮ್ಮ ಪದ್ಧತಿ."

ಹೆಲೆನ್ ಮೆಚ್ಚಿ ತಲೆಯಾಡಿಸಿದರು. ಬರೆದುಕೊಂಡರು. ಅವರು ಹೋದ ಮೇಲೆ ನಾವು ಮೂವರೂ ಉಳಿದ ಗೋಳಿಬಜೆ ತಿಂದೆವು. ಪರೀಕ್ಷೆಯಲ್ಲಿ ಪಾಸಾದ ಹಾಗೆ ಖುಷಿ.

ಹತ್ತು ದಿನದಲ್ಲಿ ಕಾಗದ ಬಂತು. ಕುಟುಂಬವು ಚೆನ್ನಾಗಿ ನಿಭಾಯಿಸುತ್ತಿದೆ, ನೋಡಿಕೊಳ್ಳಲು ಅಕ್ಕ ಇದ್ದಾರೆ, ಸದ್ಯಕ್ಕೆ ಹೊರಗಿನ ಸಹಾಯ ಬೇಕೆಂದು ಕಾಣುವುದಿಲ್ಲ ಎಂದಿತ್ತು.

ನಾನು ಆ ಕಾಗದ ಹಿಡಿದು ಅಡುಗೆಕೋಣೆಯಲ್ಲಿ ನಿಂತೇ ಇದ್ದೆ. ಫೈಲಿನಲ್ಲಿ ಬರೆಯದ ನೋವು ನೋವೇ ಅಲ್ಲ ಎಂದು ಮೂವತ್ತು ವರ್ಷ ಹೊಸಬರಿಗೆ ಪಾಠ ಹೇಳಿದವಳು ನಾನು. ಈಗ ತಂಗಿಯ ಫೈಲಿನಲ್ಲಿ ಏನೂ ಬರೆಯದಂತೆ ನೋಡಿಕೊಂಡವಳೂ ನಾನೇ. ಹೆಲೆನರ ತಪ್ಪು ಏನೂ ಇರಲಿಲ್ಲ, ಅವರು ನಾವು ತೋರಿಸಿದ್ದನ್ನು ಬರೆದಿದ್ದರು.

ಜಲಜ ಕಾಗದ ತೆಗೆದುಕೊಂಡು ಸಕ್ಕರೆ ಡಬ್ಬದ ಕೆಳಗಿಟ್ಟಳು. "ಬಿಡು ಅಕ್ಕ. ನನ್ನ ಗಡ್ಡೆ ಎಲ್ಲಿಗೂ ಹೋಗುವುದಿಲ್ಲ." ಹಾಗೆ ಹೇಳಿ ಸಿಂಕಿನ ಅಂಚು ಹಿಡಿದು ಬಗ್ಗಿದಳು. ಹೊಟ್ಟೆ ನೋವು ಬಂದಿತ್ತು. ನಾನು ಅತ್ತುಬಿಟ್ಟೆ.

ಹೆಜಮಾಡಿಯ ಸುದ್ದಿ

ಮುಂದಿನ ಬುಧವಾರ ಸಭಾಂಗಣದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಧಾರೆ ಸೀರೆ, ಹೂದಾನಿಯ ವಿಷಯ ಬಂದಾಗ ನಸ್ರೀನ್ ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ನನ್ನ ಅಮ್ಮ ಅಜ್ಜಿಯ ಗಾಲಿಕುರ್ಚಿಯನ್ನು ಪಕ್ಕದ ಮನೆಯಲ್ಲಿ ಅಡಗಿಸಿ ಇಟ್ಟಿದ್ರು!" ಎಂದಳು. ಪಂಜಾಬಿ ಹೆಂಗಸಿನ ಮನೆಯಲ್ಲಿ ಅಧಿಕಾರಿ ಮೂರು ಪರಾಠ ತಿಂದು ಹೋಗಿದ್ದರಂತೆ. ಡೆಸ್ಮಂಡ್ ಗ್ಲೋರಿಯಾಗೆ ಭಾನುವಾರದ ಟೊಪ್ಪಿ, ಮುತ್ತಿನ ಸರ ಹಾಕಿ ಕೂರಿಸಿದ್ದರಂತೆ. ಬೇರೆ ಬೇರೆ ದೇಶದ ಇಷ್ಟು ಜನ ಒಂದೇ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಮಾಡಿದ್ದು ಕೇಳಿ ನನಗೆ ಸಮಾಧಾನವಾಯಿತು.

ನಗು ಮುಗಿದ ಮೇಲೆ ಸೊಮಾಲಿಯಾದ ಒಬ್ಬ ಅಜ್ಜಿ ಕೇಳಿದರು: "ನಿಮ್ಮ ಊರಿನಲ್ಲಿ ಹೇಗೆ?"

ನಾನು ಹೆಜಮಾಡಿಯ ಸುದ್ದಿ ಹೇಳಿದೆ. ನಮ್ಮ ಅಜ್ಜಿ ಹಾಸಿಗೆ ಹಿಡಿದು ಎರಡು ವರ್ಷ ಮಲಗಿದ್ದರು. ಅಮ್ಮ ಬೆಳಗಾದರೆ ಮೀನಿನ ಬುಟ್ಟಿ ಹೊರಬೇಕು. ಅಜ್ಜಿ ಹಾಸಿಗೆ ಹಿಡಿದ ವಾರವೇ ಅಮ್ಮನ ಜೊತೆ ಮೀನು ಮಾರುವ ಹೆಂಗಸರು ತಮ್ಮೊಳಗೆ ಸರದಿ ಮಾಡಿಕೊಂಡರು. ಒಂದು ದಿನ ಒಬ್ಬಳು ಅಮ್ಮನ ಬುಟ್ಟಿಯ ಮೀನನ್ನೂ ತನ್ನದರ ಜೊತೆ ಮಾರಿ ಬರುವುದು, ಇನ್ನೊಂದು ದಿನ ಇನ್ನೊಬ್ಬಳು ಅಜ್ಜಿಯ ಹತ್ತಿರ ಕೂತು ಅಮ್ಮನನ್ನು ಹೊರಗೆ ಕಳಿಸುವುದು. ಅಮ್ಮ ಯಾರನ್ನೂ ಕರೆಯಲಿಲ್ಲ. ಅವರೂ ಕೇಳಲಿಲ್ಲ. ಎಲ್ಲರೂ ಬರುತ್ತಿದ್ದದ್ದು ಹಿತ್ತಿಲ ಬಾಗಿಲಿನಿಂದ.

"ಹಿತ್ತಿಲ ಬಾಗಿಲು ಯಾಕೆ?" ಎಂದಳು ನಸ್ರೀನ್.

"ಮುಂದಿನ ಬಾಗಿಲಿನಿಂದ ಬಂದ್ರೆ ನೆಂಟರು," ಎಂದೆ. "ಅವರಿಗೆ ಚಾವಡಿ ಗುಡಿಸಬೇಕು, ಚಾಪೆ ಹಾಕಬೇಕು, ನಗಬೇಕು. ಹಿಂದಿನಿಂದ ಬಂದ್ರೆ ನಮ್ಮವರು. ಅವರಿಗೆ ತೊಳೆಯದ ಪಾತ್ರೆಯೂ ಕಾಣ್ತದೆ, ಅಜ್ಜಿಯ ಬಟ್ಟೆಯೂ ಕಾಣ್ತದೆ. ನಾವು ಏನೂ ಹೇಳ್ಬೇಕಾಗಿಲ್ಲ."

ನನಗೆ ಬಹಳ ಹೆಮ್ಮೆಯಾಯಿತು. ಅಷ್ಟರಲ್ಲಿ ನಸ್ರೀನ್ ಮೆಲ್ಲಗೆ ಇನ್ನೊಂದು ಪ್ರಶ್ನೆ ಹಾಕಿದಳು: "ನಿಮ್ಮ ಊರಿಗೂ ಹೊರಗಿನಿಂದ ಬಂದವರು ಇರ್ತಾರಲ್ಲ? ನಮ್ಮ ಹಾಗೆ? ಅವರ ಹಿತ್ತಿಲಿಗೆ ಯಾರು ಹೋಗ್ತಾರೆ?"

ನನಗೆ ತಟ್ಟನೆ ರೇಣವ್ವ ನೆನಪಾದಳು. ಅವಳ ಅತ್ತೆಗೆ ಸೊಂಟ ಮುರಿದು ವರ್ಷವಾಯಿತು. ಎಂದಾದರೂ ತಡವಾಗಿ ಬಂದರೆ "ಅತ್ತಿಗಿ ಜಳಕಾ ಮಾಡ್ಸಿ ಬಂದೆ ಯಕ್ಕಾ" ಎನ್ನುತ್ತಿದ್ದಳು. ನಾನು "ಆಯ್ತು, ಬೇಗ ಗುಡಿಸು" ಎನ್ನುತ್ತಿದ್ದೆ. ನನ್ನ ಹಿತ್ತಿಲಿನಿಂದ ಅವಳ ಹಿತ್ತಿಲಿಗೆ ಇಪ್ಪತ್ತು ಹೆಜ್ಜೆ. ನಸ್ರೀನಳಿಗೆ ಏನು ಉತ್ತರ ಕೊಟ್ಟೆನೋ ಈಗ ನೆನಪಿಲ್ಲ, ಸುಳ್ಳನ್ನಂತೂ ಹೇಳಲಿಲ್ಲ.

ನಸ್ರೀನ್ ಆವತ್ತೇ ಕಚೇರಿಗೆ ಫೋನು ಮಾಡಿ, ಮೊದಲ ಸಲ ನಾವು ಏನು ಮಾಡಿದೆವೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ನಾನು ಹೊರಡುವುದಕ್ಕೆ ಆರು ದಿನ ಮೊದಲು ಇನ್ನೊಮ್ಮೆ ಬರಲು ಹೆಲೆನ್ ಒಪ್ಪಿದರು.

ಹಿಂದಿನ ಓಣಿ

ಗುಡಿಸದೆ ಇರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಐದು ಗಂಟೆಗೆ ಜಲಜ ಪೊರಕೆ ಹಿಡಿದು ನಿಂತಿದ್ದಳು. ಕಿತ್ತುಕೊಂಡು ಹಿಂದಿನ ಕಸದ ಡಬ್ಬದೊಳಗೆ ಹಾಕಿದೆ. ಆರು ಗಂಟೆಗೆ ಪಾತ್ರೆ ತೊಳೆಯುವ ಶಬ್ದ. ನಲ್ಲಿ ಬಂದ್ ಮಾಡಿದೆ. ಏಳಕ್ಕೆ ನೋಡಿದರೆ ಭಾವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳೆ.

"ಇದೊಂದಾದ್ರೂ ಮಾಡ್ತೇನೆ ಅಕ್ಕ. ಅವರನ್ನು ಬನಿಯನಿನಲ್ಲಿ ಹೊರಗಿನವರ ಎದುರು ಹೇಗೆ ಕೂರಿಸುವುದು? ಎಷ್ಟು ಜನಕ್ಕೆ ಅನ್ನ ಹಾಕಿದ ಮನುಷ್ಯ ಅವರು!"

ಉತ್ತರ ಕೊಟ್ಟದ್ದು ಭಾವ. ಹಾಸಿಗೆಯಿಂದಲೇ ಎಡಗೈ ಎತ್ತಿ, "ಅಂಗಿ ಬೇಡ," ಎಂದರು. ಅಷ್ಟೇ.

ಹನ್ನೊಂದಕ್ಕೆ ಡೆಸ್ಮಂಡ್ ಹೆಲೆನರನ್ನು ಹಿಂದಿನ ಓಣಿಯಿಂದ ಕರೆತಂದರು. ಆ ಮನೆಗಳ ಹಿಂದೆಲ್ಲ ಕಸದ ಡಬ್ಬಗಳ ಒಂದು ಇಕ್ಕಟ್ಟು ಓಣಿ ಇದೆ, ಪ್ರತಿ ಮನೆಗೂ ಒಂದು ಚಿಕ್ಕ ಮರದ ಬಾಗಿಲು. ಹೆಲೆನ್ ತಲೆ ತಗ್ಗಿಸಿ ಒಳಬಂದು, ಒದ್ದೆ ಹಾಸಿಗೆ ಬಟ್ಟೆಗಳ ಎರಡು ಸಾಲು ದಾಟಿ, ಅಡುಗೆಕೋಣೆಗೆ ಕಾಲಿಟ್ಟರು. ಸಿಂಕಿನಲ್ಲಿ ಪಾತ್ರೆಯ ರಾಶಿ. ಮೇಜಿನ ಮೇಲೆ ಅರ್ಧ ಉಳಿದ ಗಂಜಿ. ಗೋಡೆಯ ಮೇಲೆ ಚೀಟಿ, ಮತ್ತೆ ಅಂಟಿಸಿದ್ದೆವು. ಜಲಜ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಅಡುಗೆಕೋಣೆಯ ಸ್ಟೂಲಿನ ಮೇಲೆ ಹೆಲೆನ್ ಕುಳಿತರು. ಕಿವಿ ಮುರಿದ ಲೋಟದಲ್ಲಿ ನಾನು ಚಹಾ ಕೊಟ್ಟೆ.

ಅಷ್ಟರಲ್ಲಿ ಭಾವನನ್ನು ಕುರ್ಚಿಗೆ ಕೂರಿಸುವ ಹೊತ್ತಾಯಿತು. ನಾನು ಕೈ ಕಟ್ಟಿ ನಿಂತೆ, ಅದು ನಮ್ಮ ಒಪ್ಪಂದ. ಜಲಜ ಹೋಗಿ ಭಾವನ ಕಂಕುಳಿಗೆ ಹೆಗಲು ಕೊಟ್ಟು, ದಿನವೂ ಮಾಡುವ ಹಾಗೆ ಎತ್ತಿದಳು. ಅರ್ಧ ಎತ್ತಿದಾಗ ನೋವು ಬಂದು ಮುಖ ಕಿವುಚಿದಳು, ಆದರೆ ಬಿಡಲಿಲ್ಲ. ಹೆಲೆನ್ ಪೆನ್ನು ಎಸೆದು ಓಡಿಬಂದು ಇನ್ನೊಂದು ಪಕ್ಕ ಹಿಡಿದರು. ಇಬ್ಬರೂ ಸೇರಿ ಕೂರಿಸಿದರು.

ಭಾವ ಬನಿಯನಿನಲ್ಲಿ ಕುಳಿತು ಹೆಲೆನರನ್ನು ನೋಡಿದರು. ಒಂದೊಂದೇ ಇಂಗ್ಲಿಷ್ ಪದ ಹುಡುಕಿ ಹುಡುಕಿ ಮಾತಾಡಿದರು.

"ಹೋದ ಸಲ ನಾನು ಸುಳ್ಳು ಹೇಳಿದೆ. ನಾನು ನಡೆಯುವುದಿಲ್ಲ. ದಿನಕ್ಕೆ ಎಷ್ಟು ಸಲ ಎತ್ತುತ್ತಾಳೆ ಅಂತ ಅವಳನ್ನು ಕೇಳಿ, ನನಗೆ ಲೆಕ್ಕ ತಪ್ಪಿದೆ. ಹಡಗಿನಲ್ಲಿ ನಾನು ಬಿರುಗಾಳಿಯಲ್ಲೂ ಅಡುಗೆ ನಿಲ್ಲಿಸಲಿಲ್ಲ. ಇವಳು ನನಗಿಂತ ಗಟ್ಟಿ. ಆದ್ರೆ ಈ ಆಪರೇಷನ್ ಆಗದಿದ್ರೆ ಇವಳು ಸಾಯ್ತಾಳೆ, ಇವಳ ಹಿಂದೆ ನಾನು. ಅದನ್ನು ಬರ್ಕೊಳ್ಳಿ."

ಬೇರೆಯವರ ಸಹಾಯ ಕೇಳುವಾಗ ತಲೆ ತಗ್ಗುತ್ತದೆ ಎಂದು ನಾನು ಅಂದಿನವರೆಗೆ ತಿಳಿದಿದ್ದೆ. ಭಾವನ ತಲೆ ನೆಟ್ಟಗೇ ಇತ್ತು. ಜೀವಮಾನದಲ್ಲಿ ನಮ್ಮ ಕುಟುಂಬದ ಬಗ್ಗೆ ನನಗೆ ಅಷ್ಟು ಅಭಿಮಾನ ಎಂದೂ ಆಗಿರಲಿಲ್ಲ.

ಹೆಲೆನ್ ಒಂದೂವರೆ ಗಂಟೆ ಬರೆದರು. ಹೊರಡುವಾಗ ಹಿತ್ತಿಲ ಬಾಗಿಲ ಬಳಿ ನಿಂತು, "ಆವತ್ತಿನ ಆ ಗೋಳಿ ಗೋಳಿ ತಿಂಡಿ ಇವತ್ತು ಇಲ್ವಾ?" ಎಂದು ಕೇಳಿದರು. ಜಲಜ ಅಳುತ್ತಲೇ ನಕ್ಕಳು.

ನಾನು ಹೊರಡುವ ಎರಡು ದಿನ ಮೊದಲು ಕಾಗದ ಬಂತು. ಆಪರೇಷನ್ನಿನ ದಿನದಿಂದ ಆರು ವಾರ, ದಿನಕ್ಕೆ ನಾಲ್ಕು ಹೊತ್ತು ಇಬ್ಬಿಬ್ಬರು ಬಂದು ಭಾವನನ್ನು ನೋಡಿಕೊಳ್ಳುತ್ತಾರೆ. ಉಳಿದ ಹೊತ್ತಿಗೆ ಸಭಾಂಗಣದವರು ಸರದಿ ಮಾಡಿಕೊಂಡರು. ಸೋಮವಾರ ಡೆಸ್ಮಂಡ್, ಮಂಗಳವಾರ ಪಂಜಾಬಿ ಹೆಂಗಸಿನ ಗಂಡ, ಹೀಗೆ. ನಸ್ರೀನ್ ಪಟ್ಟಿ ಬರೆದು ಸಭಾಂಗಣದ ಗೋಡೆಗೆ ಅಂಟಿಸಿದಳು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ "ಹೆಜಮಾಡಿ" ಎಂದು ಬರೆದು, ಉಚ್ಚಾರಣೆ ಸರಿಯುಂಟಾ ಎಂದು ನನ್ನ ಹತ್ತಿರ ಮೂರು ಸಲ ಹೇಳಿ ಕೇಳಿದಳು. ಅಮ್ಮ ಬದುಕಿದ್ದರೆ, ಮೀನಿನ ಬುಟ್ಟಿ ಹೊತ್ತ ತನ್ನ ಗೆಳತಿಯರಿಗೆಲ್ಲ ಇದನ್ನು ಹೇಳಿ ಬರುತ್ತಿದ್ದರು.

ಅಲೆವೂರು

ಕಾರ್ಕಳದಲ್ಲಿ ಮಗಳಿಗೆ ಹೆಣ್ಣು ಮಗು ಹುಟ್ಟಿದ ಮೂರನೇ ದಿನ ಜಲಜಳ ಫೋನು ಬಂತು. ಆಪರೇಷನ್ ಆಗಿ ಮನೆಗೆ ಬಂದಿದ್ದಳು. ದನಿ ಸಣ್ಣಗಿತ್ತು.

"ಮಲ್ಕೊಂಡಿದ್ದೇನೆ ಅಕ್ಕ. ಹಗಲು ಹೊತ್ತು ಮಲಗದೆ ಎಷ್ಟು ಕಾಲ ಆಗಿತ್ತು! ನಿನ್ನ ಭಾವ ಡೆಸ್ಮಂಡಿಗೆ ಸಾರು ಹೇಗೆ ಮಾಡುವುದು ಅಂತ ಹೇಳಿಕೊಡ್ತಾ ಇದ್ದಾರೆ. ಅಡುಗೆಕೋಣೆ ಪೂರಾ ಗಲೀಜು."

"ಗುಡಿಸ್ಲಿಕ್ಕೆ ಏಳ್ಬೇಡ," ಎಂದೆ.

"ಪೊರಕೆ ಎಲ್ಲುಂಟು? ನೀನು ಕಸದ ಡಬ್ಬಕ್ಕೆ ಹಾಕಿದ್ದಲ್ವಾ, ಅದು ಗಾಡಿಯವರ ಜೊತೆ ಹೋಯ್ತು."

ಬಾಣಂತನ ಮುಗಿಸಿ ಅಲೆವೂರಿಗೆ ಬಂದ ಮರುದಿನ ಬೆಳಿಗ್ಗೆ ರೇಣವ್ವ ಗುಡಿಸಲು ಬರಲಿಲ್ಲ. ಮೊದಲಾಗಿದ್ದರೆ ಮೂರು ಸಲ ಫೋನು ಮಾಡಿ ಗೊಣಗುತ್ತಿದ್ದೆ. ಅಂದು ಚಪ್ಪಲಿ ಹಾಕಿಕೊಂಡು ಹಿತ್ತಿಲಿಗೆ ಇಳಿದೆ. ನಾನು ಬರುವುದನ್ನು ಕಿಟಕಿಯಿಂದ ನೋಡಿದಳೆಂದು ಕಾಣುತ್ತದೆ, ಲೈನ್ ರೂಮಿನೊಳಗೆ ಗಡಿಬಿಡಿಯ ಶಬ್ದವಾಯಿತು. ಪಾತ್ರೆ ಸರಿಸಿದ್ದು, ಚಾಪೆ ಕೊಡವಿದ್ದು, ಆಮೇಲೆ ಪೊರಕೆಯ ಸರಬರ. ರೇಣವ್ವ ಮುಂದಿನ ಬಾಗಿಲಿಗೆ ಬಂದು, ಬೆವರು ಒರೆಸಿಕೊಂಡು, ನಗುತ್ತಾ ನಿಂತಳು.

"ಬರ್ರಿ ಯಕ್ಕಾ, ಇಲ್ಲಿ ಕುಂದರ್ರಿ. ಯಾವಾಗ ಬಂದ್ರಿ? ಇಲ್ಲಿ ಎಲ್ಲಾ ಆರಾಮ ಐತ್ರಿ."

ನಾನು ಆ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋಗಿ, ಕೋಣೆಯನ್ನು ಸುತ್ತಿ ಹಿಂದಕ್ಕೆ ಬಂದೆ. ಅಲ್ಲಿ ಮುದುಕಿಯ ಒದ್ದೆ ಬಟ್ಟೆಗಳು ಬಕೆಟ್ಟಿನಲ್ಲಿ ನೆನೆದಿದ್ದವು. ರೇಣವ್ವ ಒಳಗಿನಿಂದ ಓಡಿಬಂದು ಹಿಂದಿನ ಬಾಗಿಲಿಗೆ ಅಡ್ಡ ನಿಂತಳು.

"ಈ ಕಡಿಗೆ ಬ್ಯಾಡ್ರಿ ಯಕ್ಕಾ, ಹೊಲಸ ಐತ್ರಿ!"

"ಇರ್ಲಿ ರೇಣವ್ವ," ಎಂದೆ. "ನಾನು ಈ ಕಡೆಯಿಂದಲೇ ಬರ್ತೇನೆ."